ಹತ್ತನೇ ಶಿಕ್ಕಾ

ಮೆಡಿಕಲ್ ಅಂಗಡಿಯ ದುರಗೇಶ ಕಾರ್ಡಿಗೆ ಹತ್ತನೇ ಶಿಕ್ಕಾ ಒತ್ತಿ, ಬಹುಮಾನವೆಂದು ಜೇನುತುಪ್ಪದ ಬಾಟಲಿ ಮುಂದಿಟ್ಟ. ಕಮಲಾಬಾಯಿ ಚಾಚಿದ್ದ ಕೈಯನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡಳು.

"ಅಯ್ಯ ತಮ್ಮಾ, ನಾವು ಜೈನರಪಾ! ಜೇನು ಮುಟ್ಟಂಗಿಲ್ಲ. ಬಿಸಿನೀರಿನ ಚೀಲ ಕೊಡ್ತೀನಿ ಅಂದಿದ್ದ್ಯಲ್ಲ?"

"ಕಡೀ ಚೀಲ ಈಗಷ್ಟ ಇವರಿಗೆ ಹೋತ್ರಿ, ಅಕ್ಕಾರ." ದುರಗೇಶ ಪಕ್ಕದಲ್ಲಿ ನಿಂತಿದ್ದ ಹೆಂಗಸಿನತ್ತ ಕೈ ತೋರಿಸಿದ.

ಅತ್ತೆಯ ಮೊಣಕಾಲಿಗೆ ಕಾವು ಕೊಡಲು ಆ ಚೀಲ ಬೇಕಿತ್ತು. ಐದುನೂರು ರೂಪಾಯಿ ಔಷಧಕ್ಕೆ ಒಂದು ಶಿಕ್ಕಾ. ಮನೆಯ ಗುಳಿಗೆಗಳಷ್ಟೇ ಸಾಲದೆ, ತೇರದಾಳದ ತನ್ನ ಓಣಿಯವರೆಲ್ಲರ ಚೀಟಿ ಕೂಡಿಸಿಕೊಂಡು ಎಂಟು ತಿಂಗಳು ಜಮಖಂಡಿ ಬಸ್ಸು ಹತ್ತಿದ್ದಳು. ಯಾರಾದರೂ ಸೀನಿದರೆ ಸಾಕು, "ಡಾಕ್ಟರ್ ಚೀಟಿ ಬರದ್ರೇನ್ರಿ?" ಎಂದು ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದಳು. ಈಗ ಅವಳ ಕಣ್ಣಲ್ಲಿ ನೀರಾಡಿತು.

ತನ್ನ ಕಾರ್ಡು ತುಂಬಿಸಿ ಆ ಕಡೇ ಚೀಲ ಪಡೆದಿದ್ದವಳು ತುಬಚಿಯ ಲಗಮವ್ವ. ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

"ಇದಕ್ಯಾಕ ಅಳತೀ ಬೇ? ನನ್ನ ಗಂಡ ರಾತ್ರಿಯೆಲ್ಲಾ ಕೆಮ್ಮಿ ಊರ ಎಬ್ಬಸ್ತಾನ. ನನಗ ಜೇನ ಬೇಕು. ಹಿಡಿ, ಇದನ್ನ ನೀ ಒಯ್ಯಿ." ಚೀಲವನ್ನು ಕಮಲಾಬಾಯಿಯ ಕೈಗೆ ತುರುಕಿ, ಬಾಟಲಿಯನ್ನು ತಾನೇ ಎತ್ತಿಕೊಂಡಳು.

"ಪುಣ್ಯಾ ಬರಲೆವ್ವಾ ನಿನಗ!"

"ಪುಣ್ಯಾ ಆಮ್ಯಾಲ ಬರಲಿ. ಚೀಲದ ಕಿಮ್ಮತ್ತು ಹೆಚ್ಚೈತಿ, ಮೊದಲ ಚಾ ಕುಡಸು."

ಎರಡು ರೂಪಾಯಿ ಉಳಿಸಲು ಇಡೀ ಬಜಾರು ಸುತ್ತುವ ಕಮಲಾಬಾಯಿ ಬಾಗಿಲಿಗೆ ಬಂದು ಎದುರಿನ ಹೋಟೆಲಿಗೆ ಕೂಗಿದಳು: "ಎರಡು ಚಾ ಕಳಸ್ರಿ! ಹಾಂ, ಒಂದು ಪ್ಲೇಟ್ ಬಿಸಿ ಮಿರ್ಚೀನೂ ಬರಲಿ!"