ಎಲೆ ಬಿಟ್ಟು ಎದ್ದವನು

ಅಂಗದಾನದ ಕಾಗದಕ್ಕೆ ಸಹಿ ಹಾಕಲು ಹೊರಟ ಪ್ರೇಮಾಬಾಯಿಯ ಕೈಗೆ ಭಾವ ಸಂಗಮನಾಥರು ತಮ್ಮ ಕೈ ಅಡ್ಡ ಇಟ್ಟರು. "ಮಿದುಳು ಸತ್ತದ ಅಂದಮ್ಯಾಲ ಹುಡುಗ ಶಿವನ ಪಾದ ಸೇರಿದಂಗ. ಇಡಿಯಾಗಿ ಸಮಾಧಿಯೊಳಗ ಕೂಡಸೂಣು, ಪ್ರೇಮಾ. ಹೊಟ್ಟಿ ಕೊಯ್ಯಸಬ್ಯಾಡ."

ಸಿನ್ನರ್ ಊರಿನ ಕಾರ್ಖಾನೆಯಿಂದ ಬರುವಾಗ ಬೈಕಿನಿಂದ ಬಿದ್ದ ಅವಳ ಮಗ ವಿನಯ, ನಾಸಿಕದ ಆಸ್ಪತ್ರೆಯ ಗಾಜಿನಾಚೆ ಯಂತ್ರದ ಉಸಿರಿನಲ್ಲಿ ಮಲಗಿದ್ದ. ಸಂಭಾಜಿನಗರದಿಂದ ಬಂದ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು: ಅವನ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಸುರಿಸುವ ಜೀವಕೋಶಗಳನ್ನು ತೆಗೆದು, ದಿನಕ್ಕೆ ನಾಲ್ಕು ಸೂಜಿಯ ಮೇಲೆ ಬದುಕಿರುವ ಸಕ್ಕರೆ ಕಾಯಿಲೆಯವರು ಯಾರಿಗಾದರೂ ಕೊಡುತ್ತಾರೆ, ಅವು ಬೇಗ ಸಾಯದಿರಲೆಂದು ಸ್ಟೆಮ್ ಸೆಲ್ ಎನ್ನುವ ಕಾಂಡಕೋಶಗಳನ್ನು ಜೊತೆಗೆ ಸೇರಿಸುತ್ತಾರೆ. ಇದಿನ್ನೂ ಪ್ರಯೋಗ, ಸೋಲಲೂಬಹುದು.

"ಅದು ನಿನ್ನ ಮಗಳು ಅಶ್ವಿನಿಗಾದ್ರೂ ಹಾಕ್ತಾರೇನು?" ಸಂಗಮನಾಥರು ಕೇಳಿದರು.

"ಇಲ್ರಿ," ಎಂದಳು ಪ್ರೇಮಾಬಾಯಿ. "ಯಾರಿಗೆ ಹೊಂದ್ತದೋ ಅವರಿಗೆ."

"ಅವರು ಯಾವ ಜಾತಿಯವರೋ ಏನೋ."

ಪ್ರೇಮಾಬಾಯಿ ನೇರವಾಗಿ ಅವರತ್ತ ತಿರುಗಿದಳು. "ಭಾವ, ಮಠದ ಪಂಕ್ತಿಯೊಳಗ ನನ್ನ ಮಗಳು ಊಟಕ್ಕ ಮುಂಚೆ ಸೂಜಿ ಚುಚ್ಚಿಕೊಂಡ್ರ, ರಕ್ತದ ಮೈಲಿಗಿ ಅಂತ ಅಕಿನ್ನ ಎಬ್ಬಿಸಿದವ್ರು ನೀವು. ಮೈಲಿಗಿ ಇಲ್ಲ ಅನ್ನೂ ಧರ್ಮ ನಮ್ದು. ಅವತ್ತು ಅಕಿನ ಹಿಂದ ಎಲಿ ಬಿಟ್ಟು ಎದ್ದು ಹೋದವ ಇವನೊಬ್ಬನೇ. ನೀವು ಕುಂತು ಹೋಳಿಗಿ ಉಂಡ್ರಿ."

ಸಂಗಮನಾಥರು ತಲೆ ತಗ್ಗಿಸಿದರು. ಕೈ ಮಾತ್ರ ಕಾಗದದ ಮೇಲೆಯೇ ಇತ್ತು.

"ಅಂಥ ಸೂಜಿಯವರ ಪಂಕ್ತಿಗೆ ಇವತ್ತ ನನ್ನ ಮಗ ಬಡಸ್ತಾನ," ಎಂದಳು ಪ್ರೇಮಾಬಾಯಿ. "ಕೈ ತೆಗೀರಿ."