ಮಾತಿಲ್ಲದ ಕೋಣೆ

ಮನೆಯ ಸಾಮಾನುಗಳಿಗೆಲ್ಲ ಬಾಯಿ ಬಂದ ಮೇಲೆ, ಯಾರೂ ಇಲ್ಲದಾಗ ದನಿ ಕೇಳಿಸುತ್ತದೆಯೇ ಎಂಬ ಪ್ರಶ್ನೆಗೆ ಅರ್ಥವೇ ಉಳಿಯಲಿಲ್ಲ. ಅದಕ್ಕೇ ಸ್ಕಿಜೋಫ್ರೇನಿಯಾ ಹತೋಟಿಗೆ ಬಂದಿದೆಯೇ ಎಂದು ನೋಡಲು ಆಸ್ಪತ್ರೆಯಲ್ಲೊಂದು ಮಾತಿಲ್ಲದ ಕೋಣೆಯಿತ್ತು. ಫೋನು, ವಾಚು, ವಟಗುಟ್ಟುವ ಚಪ್ಪಲಿ ಎಲ್ಲವನ್ನೂ ಹೊರಗೇ ಬಿಟ್ಟು ಒಳಗೆ ಹೋಗಬೇಕು.

ಆ ಕೋಣೆಯಲ್ಲಿ ವಾರಿಜ ಡಾಕ್ಟರ್ ಫಣೀಂದ್ರರ ಎದುರು ಕೂತಳು. ಈ ಸಲ ಪಾಸಾದರೆ ಮತ್ತೆ ಶಾಲೆಯಲ್ಲಿ ಪಾಠ ಹೇಳಬಹುದು.

"ಬೆನ್ನು ನೆಟ್ಟಗಿರಲಿ!" ಎಂದಿತು ಒಂದು ದನಿ.

ವಾರಿಜ ಸುತ್ತ ನೋಡಿದಳು; ಮಾತಾಡುವ ಸಾಮಾನು ಒಂದೂ ಕಾಣಲಿಲ್ಲ. ಡಾಕ್ಟರು ಮಾತ್ರ ಏನೂ ಆಗದವರಂತೆ ಕೇಳಿದರು: "ಏನಾದ್ರೂ ಕೇಳಿಸ್ತಾಮ್ಮ?"

ಮುಚ್ಚಿಡೋಣ ಎನ್ನಿಸಿತು. ಆದರೆ ಸುಳ್ಳು ಹೇಳಿ ವಾಸಿಯಾಗುವುದು ಅವಳಿಗೆ ಬೇಕಿರಲಿಲ್ಲ.

"ಕೇಳಿಸ್ತು ಡಾಕ್ಟ್ರೇ. ಬೆನ್ನು ನೆಟ್ಟಗಿರಲಿ ಅಂತು."

ಡಾಕ್ಟರ ಮುಖ ಕೆಂಪಾಯಿತು. ಅಂಗಿ ಎತ್ತಿ ಸೊಂಟದ ಬೆಲ್ಟು ಬಿಚ್ಚತೊಡಗಿದರು. "ಮಾತಾಡಿದ್ದು ನನ್ನ ಬೆಲ್ಟು ಕಣಮ್ಮ, ಬೆನ್ನುನೋವಿಂದು. ಹೊರಗೆ ಬಿಡೋದು ಮರೆತೆ. ದಿನವಿಡೀ ಕೇಳಿ ಕೇಳಿ ನನ್ನ ಕಿವಿಗೇ ಬೀಳಲ್ಲ. ಬೇರೇನಾದ್ರೂ ಕೇಳಿಸ್ತಾ?"

"ಇಲ್ಲ."

"ಹಾಗಾದ್ರೆ ನೀವು ಪಾಸು." ಅವರು ಬಿಲ್ಲಿನಂತೆ ಬಾಗಿ ಬರೆಯತೊಡಗಿದರು.

"ಡಾಕ್ಟ್ರೇ," ಎಂದಳು ವಾರಿಜ, "ನಾನು ಎಷ್ಟೋ ದನಿ ಕೇಳಿದ್ದೀನಿ. ಸರಿಯಾಗಿ ಹೇಳಿದ್ದು ಇದೊಂದೇ. ನೆಟ್ಟಗೆ ಕೂತ್ಕೊಳಿ."