ಆಳೆತ್ತರದ ಚಿತ್ರ

ಶಿವಮೂರ್ತಪ್ಪನವರು ಕುಂಚವನ್ನು ಮುಂದಕ್ಕೆ ಚಾಚಿ, ಒಂದು ಕಣ್ಣು ಮುಚ್ಚಿ ಅಳತೆ ನೋಡುತ್ತಿದ್ದ ಹಾಗೆಯೇ ಆಚೆ ದಡದಲ್ಲಿ ಕೂತಿದ್ದ ಮೂವರು ದಡಕ್ಕನೆ ಎದ್ದರು. ಒದ್ದೆ ಚೀಲಗಳನ್ನು ಹೆಗಲಿಗೇರಿಸಿ ಜಾಲಿಗಿಡಗಳತ್ತ ಹೆಜ್ಜೆ ಹಾಕಿದರು.

"ಅಯ್ಯೋ, ಕೂತ್ಕೊಳ್ರಪ್ಪಾ! ನಿಮ್ಮನ್ನೇ ಬರೀತಿದ್ದೆ!" ಎಂದು ಶಿವಮೂರ್ತಪ್ಪ ಕೂಗಿದರು. ಕೂಗಿದ್ದೇ ತಡ, ಅವರ ನಡಿಗೆ ಓಟವಾಯಿತು.

ಇದು ನಾಲ್ಕನೆಯ ದಿನ. ಗೌರಿಕಟ್ಟೆ ಕೆರೆಯ ಚಿತ್ರಗಳಲ್ಲಿ ಮನುಷ್ಯರೇ ಇಲ್ಲವಾಗಿದ್ದರು. ಎಮ್ಮೆಗಳೇನೋ ಪಾಪ, ನಿಲ್ಲುತ್ತಿದ್ದವು. ಆದರೆ ಶಿವಮೂರ್ತಪ್ಪನವರ ಕೈಗೆ ಸಿಕ್ಕರೆ ಎಮ್ಮೆ ಬಂಡೆಯಾಗುತ್ತಿತ್ತು, ಬಂಡೆ ಎಮ್ಮೆಯಾಗುತ್ತಿತ್ತು. ಅದು ಅವರಿಗೂ ಗೊತ್ತಿತ್ತು. ಹಾಗಾಗಿ ಎರಡನ್ನೂ ಪಕ್ಕಪಕ್ಕದಲ್ಲೇ ಬರೆದು ತೀರ್ಮಾನವನ್ನು ನೋಡುವವರಿಗೆ ಬಿಟ್ಟಿದ್ದರು.

ಜನ ಎದ್ದು ಹೋಗುವುದು ಅವರಿಗೆ ಹೊಸದೇನಲ್ಲ. ಮೂವತ್ತು ವರ್ಷ ಬಸ್ಸುಗಳಲ್ಲಿ ಟಿಕೆಟ್ ಚೆಕಿಂಗ್ ಮಾಡಿದವರು. ಕಡೂರು, ತರೀಕೆರೆ, ಅಜ್ಜಂಪುರ, ಎಲ್ಲೇ ಬಸ್ಸಿಗೆ ಕೈ ಅಡ್ಡ ಹಿಡಿದರೂ ಇವರು ಮುಂದೆ ಹತ್ತುವಷ್ಟರಲ್ಲಿ ಹಿಂದಿನಿಂದ ನಾಲ್ವರು ಇಳಿದಿರುತ್ತಿದ್ದರು. ಮದುವೆ ಪಂಕ್ತಿಯಲ್ಲಿ ಕೂತರೂ ಪಕ್ಕದವರು ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು. ನಿವೃತ್ತಿಯ ಮೇಲೆ ಉಳಿದದ್ದು ಒಂದೇ ಆಸೆ: ತನ್ನನ್ನು ಕಂಡು ಜನ ಓಡಬಾರದು, ಹತ್ತಿರ ಬಂದು ನಿಲ್ಲಬೇಕು. ಅದಕ್ಕೇ ಬಣ್ಣದ ಪೆಟ್ಟಿಗೆ ಕೊಂಡದ್ದು. ಬಣ್ಣ ಬಿದ್ದರೂ ಚಿಂತೆಯಿಲ್ಲವೆಂದು ಹಳೆಯ ಖಾಕಿ ಅಂಗಿಗಳನ್ನೇ ತೊಟ್ಟು ಕೆರೆಗೆ ಬರುತ್ತಿದ್ದರು.

ಹೆಂಡತಿ ದಾಕ್ಷಾಯಣಮ್ಮನವರ ಷರತ್ತು ಬೇರೆ ತಲೆಯ ಮೇಲಿತ್ತು.

"ಕಡೂರಲ್ಲಿ ಪ್ರದರ್ಶನ ಇಡ್ತೀನಿ ಅಂತೀರಲ್ಲ, ಇಡ್ರಿ. ಒಂದೇ ಒಂದು ಚಿತ್ರ ಯಾರಾದ್ರೂ ಇಷ್ಟಪಟ್ಟು ತಗೊಂಡೋದ್ರೆ ಸರಿ. ಇಲ್ದಿದ್ರೆ ಪೆಟ್ಟಿಗೆ ಅಟ್ಟಕ್ಕೆ ಹೋಗುತ್ತೆ ಕಣ್ರೀ. ನೆಂಟ್ರಿಗೆ ಕೊಟ್ಟಿದ್ದು ಲೆಕ್ಕಕ್ಕಿಲ್ಲ."

ಈ ಸಂಕಟದಲ್ಲಿ ಸಿಕ್ಕ ಒಬ್ಬನೇ ರಸಿಕನೆಂದರೆ ಆ ವರ್ಷ ಕೆರೆಯ ಮೀನಿನ ಗುತ್ತಿಗೆ ಹಿಡಿದಿದ್ದ ಕನಕರಾಜು. ದಿನಾ ಬೆಳಿಗ್ಗೆ ಫ್ಲಾಸ್ಕಿನಲ್ಲಿ ಟೀ ತರುತ್ತಿದ್ದ. ಕೂರಲು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಡುತ್ತಿದ್ದ.

"ನಿಮ್ಮನ್ನ ಎಲ್ಲೋ ನೋಡಿದೀನಿ ಸಾರ್," ಎಂದಿದ್ದ ಮೊದಲ ದಿನ.

"ಪೇಪರ್‌ನಲ್ಲಿ ನೋಡಿರ್ತೀಯ ಬಿಡಪ್ಪಾ," ಎಂದು ಶಿವಮೂರ್ತಪ್ಪ ಮುಖ ಆ ಕಡೆ ತಿರುಗಿಸಿದ್ದರು.

"ಇರ್ಬೋದು ಸಾರ್," ಎಂದು ಅವನೂ ವಿನಯದಿಂದ ಒಪ್ಪಿದ್ದ.

ಕಲೆಯ ಸೂಕ್ಷ್ಮ ಅವನಿಗೆ ತಿಳಿದಿತ್ತು. "ಇವತ್ತು ತೂಬಿನ ಹತ್ರ ಕೂತ್ಕೊಳಿ ಸಾರ್, ಬೆಳಕು ಚೆನ್ನಾಗಿದೆ," ಎನ್ನುವನು. ಮರುದಿನ, "ಕೋಡಿ ಕಡೆ ಬನ್ನಿ ಸಾರ್, ಅಲ್ಲಿ ನೀವು ಕೂತೇ ಇಲ್ಲ." ಚಿತ್ರವನ್ನು ಮಾತ್ರ ಅವನು ಅಷ್ಟಾಗಿ ನೋಡುತ್ತಿರಲಿಲ್ಲ, ಸದಾ ಆಚೆ ದಡವನ್ನೇ ದಿಟ್ಟಿಸುತ್ತಿದ್ದ. ತನ್ನ ಚಿತ್ರ ಬಿಟ್ಟು ನಿಜವಾದ ಕೆರೆಯನ್ನೇ ನೋಡುವವನ ಅಭಿರುಚಿಯನ್ನು ಶಿವಮೂರ್ತಪ್ಪ ಒಳಗೊಳಗೇ ಮೆಚ್ಚಿದರು.

ಒಂದು ದಿನ ಜ್ವರ ಬಂದು ಕೆರೆಗೆ ಹೋಗಲಾಗಲಿಲ್ಲ. ಸಂಜೆ ಕನಕರಾಜು ಮನೆಗೇ ಬಂದ.

"ನೀವಿಲ್ದಿದ್ರೆ ಕೆರೆ ಬರಿದಾಗೋಗುತ್ತೆ ಸಾರ್!" ಅವನ ಧ್ವನಿ ನಿಜವಾಗಿಯೂ ನಡುಗುತ್ತಿತ್ತು.

ದಾಕ್ಷಾಯಣಮ್ಮ ಅಡುಗೆಮನೆಯಿಂದ ಇಣುಕಿದರು. ಇಂಥ ಮಾತನ್ನು ತಮ್ಮ ಯಜಮಾನರ ಬಗ್ಗೆ ಅವರು ಯಾರ ಬಾಯಲ್ಲೂ ಕೇಳಿರಲಿಲ್ಲ.

"ಒಂದ್ ಮಾತು ಸಾರ್," ಎಂದ ಕನಕರಾಜು ಹೊರಡುವಾಗ. "ಎಲ್ಲಾದ್ರಲ್ಲೂ ಬರೀ ಕೆರೆ ಬರೆದಿದೀರಿ. ನಿಮ್ದೂ ಒಂದು ಬರ್ಕೊಳ್ಳಿ, ಆಳೆತ್ತರ. ಇದೇ ಖಾಕಿ ಅಂಗಿ, ಇದೇ ಮೀಸೆ. ಪ್ಲೈವುಡ್ಡು, ಪೇಂಟು ನಾನೇ ತಂದ್ಕೊಡ್ತೀನಿ. ಮಳೆ ಬಿಸ್ಲಿಗೆ ತಡೀಬೇಕಲ್ಲ ಸಾರ್, ಕಲೆ ಅಂದ್ಮೇಲೆ."

ಶಿವಮೂರ್ತಪ್ಪ ಒಂದು ವಾರ ಕನ್ನಡಿ ಮುಂದೆ ನಿಂತರು. ಮೂಗು ಸರಿಹೋಗಲಿಲ್ಲ. ಎರಡು ಕಿವಿಗೆ ಜಾಗ ಸಾಲದೆ ಒಂದೇ ಬಂತು. ಕಣ್ಣುಗಳು ಮಾತ್ರ, ಅದು ಹೇಗೋ ಏನೋ, ಜೀವ ಬಂದ ಹಾಗೆ ಮೂಡಿಬಿಟ್ಟವು.

ಪ್ರದರ್ಶನ ಬಸ್ ನಿಲ್ದಾಣದ ಹತ್ತಿರದ ಸಭಾಂಗಣದಲ್ಲಿ. ಜನವೇನೋ ಬಂದರು, ಒಳಗೆ ಫ್ಯಾನಿತ್ತು. ಒಬ್ಬ ಅಜ್ಜ ಬಾಗಿಲಲ್ಲಿ ಶಿವಮೂರ್ತಪ್ಪನವರನ್ನು ಕಂಡವನೇ ಜೇಬಿನಿಂದ ಬಸ್ ಟಿಕೆಟ್ ತೆಗೆದು ತೋರಿಸಿ ಒಳಗೆ ಹೋದ. ಒಬ್ಬಾಕೆ ಎಮ್ಮೆಯನ್ನು ಬಹಳ ಹೊತ್ತು ನೋಡಿ, "ಬಂಡೆ ಚೆನ್ನಾಗಿದೆ," ಎಂದಳು. ಗಂಟೆ ಐದಾಯಿತು. ಒಂದು ಚಿತ್ರವೂ ಗೋಡೆಯಿಂದ ಇಳಿಯಲಿಲ್ಲ. ದಾಕ್ಷಾಯಣಮ್ಮ ಮೂಲೆಯಲ್ಲಿ ಕೂತಿದ್ದರು. ಗೆದ್ದ ಖುಷಿ ಅವರ ಮುಖದಲ್ಲಿ ಇರಲಿಲ್ಲ. ಶಿವಮೂರ್ತಪ್ಪನವರಿಗೆ ಅದೇ ಹೆಚ್ಚು ನೋವಾಯಿತು.

ಆಗ ಹೊರಗೆ ಲಗೇಜ್ ಆಟೊ ನಿಂತಿತು. ಕನಕರಾಜು ಇಳಿದು ನೇರವಾಗಿ ಆಳೆತ್ತರದ ಚಿತ್ರದ ಮುಂದೆ ಹೋದ. ಎಡಕ್ಕೆ ಸರಿದು ನೋಡಿದ, ಬಲಕ್ಕೆ ಸರಿದು ನೋಡಿದ, ಬಾಗಿಲವರೆಗೂ ಹಿಂದೆ ಹಿಂದೆ ನಡೆದು ನೋಡಿದ.

"ಎಲ್ಲಿ ನಿಂತ್ರೂ ನನ್ನನ್ನೇ ನೋಡ್ತಾವಲ್ಲ ಸಾರ್ ಈ ಕಣ್ಣು! ಕೊಡಿ ಸಾರ್, ಕೇಳಿದಷ್ಟು ಕೊಡ್ತೀನಿ."

ದಾಕ್ಷಾಯಣಮ್ಮ ಎದ್ದು ನಿಂತರು. "ನಾ ಸೋತೆ ಕಣ್ರೀ," ಎಂದು ನಕ್ಕರು. ಶಿವಮೂರ್ತಪ್ಪ ತಾವೇ ಚಿತ್ರವನ್ನು ಗೋಡೆಯಿಂದ ಇಳಿಸಿದರು. ಮೂವತ್ತು ವರ್ಷದ ಮೇಲೆ ಒಬ್ಬನಾದರೂ ತನ್ನನ್ನು ಹುಡುಕಿಕೊಂಡು ಬಂದ.

ಹದಿನೈದು ದಿನ ಕಳೆದ ಮೇಲೆ, ಹೆಂಡತಿಗೆ ಕೆರೆ ತೋರಿಸೋಣವೆಂದು ಕರೆದುಕೊಂಡು ಹೋದರು. ಪೆಟ್ಟಿಗೆಯೂ ಜೊತೆಗಿತ್ತು. ಏರಿ ಹತ್ತಿದವರು ಅಲ್ಲೇ ನಿಂತುಬಿಟ್ಟರು.

ತೂಬಿನ ಪಕ್ಕದ ಹೊಂಗೆ ಮರಕ್ಕೆ ತಂತಿಯಲ್ಲಿ ಬಿಗಿಸಿಕೊಂಡು, ನೆತ್ತಿಯ ಮೇಲೆ ತಗಡು ಹೊದ್ದು, ಒಂಟಿ ಕಿವಿಯ ಶಿವಮೂರ್ತಪ್ಪ ನೀರಿಗೆ ಮುಖ ಮಾಡಿ ನಿಂತಿದ್ದರು. ಆಚೆ ದಡದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಕನಕರಾಜು ಓಡೋಡಿ ಬಂದು ಕೈಮುಗಿದ.

"ನೀವು ಇಲ್ಲಿ ನಿಂತ್ಮೇಲೆ ಕಳ್ಳರು ಒಬ್ರೂ ಈ ಕಡೆ ಸುಳಿದಿಲ್ಲ. ಟಿಕೆಟ್ ಇಲ್ದೆ ಒಂದು ಮೀನೂ ಆಚೆಗೆ ಹೋಗಿಲ್ಲ ಸಾರ್!"